‘ಅದು ಯಾವಾಗ ಬರ್ತದೆ?’ ಎಂದು ಗಿರಾಕಿ ಕೇಳಿದಾಗ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ, ಬಿಲ್ಲಿಂಗ್ ಮತ್ತು ಲೆಕ್ಕಪತ್ರದ ಸಾಫ್ಟ್‌ವೇರ್‌ಗಳ ಸಪೋರ್ಟ್, ಸೇಲ್ಸ್ ಕೆಲಸದಲ್ಲಿರುವವರ ಒಂದು ಕೂಟದಲ್ಲಿ ಮಾತಾಡಿದ್ದರ ಬರಹ ರೂಪ. ಅಲ್ಲಿ ಅವಸರದಲ್ಲಿ ದಾಟಿದ ಒಂದೆರಡು ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮಗೆ ಬರುವ ಫೋನುಗಳಲ್ಲಿ ಹೆಚ್ಚಿನವು ‘ಇದು ಓಪನ್ ಆಗ್ತಾ ಇಲ್ಲ’, ‘ಸ್ಟಾಕ್ ತಪ್ಪು ತೋರಿಸ್ತದೆ’ ಅನ್ನುವಂಥವು. ಅವುಗಳ ಉತ್ತರ ನಮ್ಮ ಕೈಯಲ್ಲೇ ಇದೆ. ದೂರದಿಂದಲೇ ಗಿರಾಕಿಯ ಕಂಪ್ಯೂಟರ್ ತೆರೆಯುವ ಎನಿಡೆಸ್ಕ್‌ನಲ್ಲಿ ಒಳಗೆ ಹೋಗಿ ನೋಡುತ್ತೇವೆ, ಸರಿ ಮಾಡುತ್ತೇವೆ, ಆಯಿತು. ಕಷ್ಟ ಆಗುವುದು ಇನ್ನೊಂದು ಪ್ರಶ್ನೆಗೆ. ‘ಆ ಹೊಸದು ಯಾವಾಗ ಬರ್ತದೆ?’ ಇನ್ನೂ ಇಲ್ಲದ ವಸ್ತುವಿನ ಬಗ್ಗೆ ಕೇಳುವ ಪ್ರಶ್ನೆ. ಕೋಡ್ ಬರೆಯುವವರು ಬೇರೆ, ದಿನ ನಿಶ್ಚಯಿಸುವವರು ಬೇರೆ, ಫೋನ್ ಎತ್ತಿ ಉತ್ತರ ಕೊಡಬೇಕಾದವರು ನಾವು. ಇವತ್ತು ನಾನು ಮಾತಾಡುವುದು ಈ ಒಂದು ಪ್ರಶ್ನೆಯ ಬಗ್ಗೆ ಮಾತ್ರ.

ಇದಕ್ಕೆ ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಬರ್ತದೆ ಬರ್ತದೆ, ಮುಂದಿನ ಅಪ್‌ಡೇಟಲ್ಲಿ ಬರ್ತದೆ.’ ಯಾರೂ ಮೋಸ ಮಾಡಬೇಕು ಅಂತ ಹೀಗೆ ಹೇಳುವುದಿಲ್ಲ. ದಿನಾ ಮುಖ ನೋಡುವ ಜನ. ಇಲ್ಲ ಅಂದರೆ ಬೇಸರ ಆದೀತು ಅಂತ ಬಾಯಿಗೆ ಬಂದದ್ದು ಹೇಳಿಬಿಡುತ್ತೇವೆ. ಇನ್ನು ಕೆಲವರು ಇದರ ಸಹವಾಸವೇ ಬೇಡ ಅಂತ, ‘ನಮಗೆ ಗೊತ್ತಿಲ್ಲ, ಕಂಪನಿಯವರು ಏನೂ ಹೇಳಿಲ್ಲ’ ಅಂದು ಮುಗಿಸುತ್ತಾರೆ. ಎರಡು ಉತ್ತರದಿಂದಲೂ ಕೇಳಿದವರ ಕೈಗೆ ಏನೂ ಸಿಗುವುದಿಲ್ಲ.

ನನ್ನ ಮಾತು ಇಷ್ಟೇ. ಯಾರೂ ಸುಮ್ನೆ ‘ಯಾವಾಗ’ ಅಂತ ಕೇಳುವುದಿಲ್ಲ. ಅದರ ಹಿಂದೆ ಅವರದೊಂದು ತೀರ್ಮಾನ ಕಾದು ಕೂತಿರುತ್ತದೆ. ಮೊದಲು ಅದೇನು ಅಂತ ತಿಳಿದುಕೊಳ್ಳಬೇಕು. ನಮ್ಮ ಉತ್ತರ ಆ ತೀರ್ಮಾನಕ್ಕೆ ಉಪಯೋಗ ಆಗಬೇಕು.

ಒಂದು ಮಾತುಕತೆ ಹೇಳುತ್ತೇನೆ. ಪೆರ್ಲದ ಕಡೆಯ ಒಬ್ಬರು ಅಡಿಕೆ ವ್ಯಾಪಾರಿ. (ಇದರಲ್ಲಿ ಬರುವ ಪಟೋರ, ಕೋಕ ಎಲ್ಲ ಅಡಿಕೆಯ ದರ್ಜೆಗಳ ಹೆಸರು.) ಫೋನ್ ಎತ್ತಿದವಳು ಸಪೋರ್ಟಿನ ಹುಡುಗಿ.

‘ಅಲ್ಲ ಮೇಡಂ, ನಿಮ್ಮ ಆ ಕನ್ನಡ ಚೀಟಿ ಯಾವಾಗ ಬರ್ತದೆ?’

‘ಹೇಳ್ತೇನೆ ಅಣ್ಣ. ಅದಕ್ಕೆ ಮೊದಲು ಒಂದು ಕೇಳ್ತೇನೆ. ಕನ್ನಡದಲ್ಲಿ ಬೇಕಾದ್ದು ಯಾರಿಗೆ?’

‘ಅಡಿಕೆ ತರುವವರಿಗೆ. ಇಂಗ್ಲಿಷ್ ಚೀಟಿ ಕೊಟ್ರೆ ಪುನಃ ನನ್ನ ಹತ್ರವೇ ಓದಿಸ್ತಾರೆ. ಪಟೋರ ಎಷ್ಟು ಹೋಯ್ತು, ಕೋಕ ಎಷ್ಟು ಹೋಯ್ತು ಅಂತ.’

‘ಈಗ ಎಂತ ಮಾಡ್ತಾ ಇದ್ದೀರಿ?’

‘ಕೈಯಲ್ಲಿ ಬರ್ದು ಕೊಡುವುದು. ಒಂದು ಪ್ರಿಂಟರ್ ತೆಗೊಳ್ಳಲಿಕ್ಕೆ ಉಂಟು. ನಿಮ್ಮದು ಬರ್ತದೆ ಅಂತಾದ್ರೆ ಈಗಲೇ ತೆಗೊಳ್ತೇನೆ. ಇಲ್ಲದಿದ್ರೆ ಈ ಸೀಸನ್ ಹೀಗೇ ಹೋಗ್ಲಿ.’

ಇಲ್ಲಿ ವಿಷಯ ಹೊರಗೆ ಬಂತು. ಅವರಿಗೆ ಬೇಕಾದ್ದು ನಮ್ಮ ಬಿಡುಗಡೆಯ ತಾರೀಕು ಅಲ್ಲ. ಪ್ರಿಂಟರ್‌ಗೆ ದುಡ್ಡು ಹಾಕಬೇಕೋ ಬೇಡವೋ ಅನ್ನುವುದು. ‘ಮುಂದಿನ ಅಪ್‌ಡೇಟಲ್ಲಿ ಬರ್ತದೆ’ ಅಂದಿದ್ದರೆ ಅವರು ಮಾರನೆ ದಿನವೇ ಕಾಸರಗೋಡಿಗೆ ಹೋಗಿ ಪ್ರಿಂಟರ್ ತಂದಿಡುತ್ತಿದ್ದರು. ‘ಗೊತ್ತಿಲ್ಲ’ ಅಂದಿದ್ದರೆ ಇಡೀ ಸೀಸನ್ ಕೈಬರಹದಲ್ಲೇ ಕಳೆಯುತ್ತಿದ್ದರು. ಹುಡುಗಿ ಹೇಳಿದ್ದು ಹೀಗೆ:

‘ಅಣ್ಣ, ಕನ್ನಡ ಚೀಟಿಯ ಕೆಲಸ ನಡೀತಾ ಉಂಟು, ಆದ್ರೆ ದಿನ ಹೇಳುವಷ್ಟು ಮುಂದೆ ಬರ್ಲಿಲ್ಲ. ಈ ಸೀಸನ್‌ಗೆ ಸಿಗ್ತದೆ ಅಂತ ಲೆಕ್ಕ ಹಾಕ್ಬೇಡಿ. ಅದಕ್ಕೋಸ್ಕರ ಪ್ರಿಂಟರ್ ತೆಗೊಳ್ಳುವುದು ಬೇಡ. ಈಗಕ್ಕೆ ಪ್ರೆಸ್ಸಲ್ಲಿ ಒಂದು ಚೀಟಿ ಪುಸ್ತಕ ಮಾಡ್ಸಿ. ಹೊಸತು, ಸಿಂಗಲ್ ಚೋಲ್, ಡಬ್ಬಲ್ ಚೋಲ್, ಪಟೋರ, ಉಳ್ಳಿ, ಕೋಕ ಎಲ್ಲ ಕನ್ನಡದಲ್ಲಿ ಅಚ್ಚು ಹಾಕಿಸಿ. ತೂಕ, ದರ ಮಾತ್ರ ಬರ್ದ್ರೆ ಆಯ್ತು. ನಮ್ಮಲ್ಲಿ ಪರೀಕ್ಷೆಗೆ ರೆಡಿ ಆದ ದಿನ ನಾನೇ ಫೋನ್ ಮಾಡ್ತೇನೆ.’

ಈ ಉತ್ತರದಲ್ಲಿ ಒಂದೇ ಒಂದು ತಾರೀಕು ಇಲ್ಲ, ನೋಡಿ. ಆದರೂ ಅವರ ತೀರ್ಮಾನ ಮುಗಿಯಿತು. ಈಗ ಏನು ನಡೆಯುತ್ತಿದೆ ಅಂತ ಹೇಳಿದಳು. ಯಾವುದನ್ನು ನಂಬಿ ದುಡ್ಡು ಹಾಕಬಾರದು ಅಂತ ಹೇಳಿದಳು. ಅಲ್ಲಿಯವರೆಗೆ ಕೆಲಸ ಸಾಗಲು ಒಂದು ದಾರಿಯನ್ನೂ ತೋರಿಸಿದಳು. ನನಗೆ ತುಂಬ ಇಷ್ಟ ಆದ ಉತ್ತರ ಇದು.

ಹಾಗಾದರೆ ಕನ್ನಡ ಚೀಟಿ ಯಾಕೆ ತಡ ಆಗುತ್ತದೆ? ಇದನ್ನೂ ನಾವು ತಿಳಿದಿರಬೇಕು. ಯಾಕೆಂದರೆ ಅವರು ಮುಂದಿನ ಸಲ ಕೇಳುವುದು ಅದನ್ನೇ: ‘ಮೊಬೈಲಲ್ಲಿ ಕನ್ನಡ ಬರ್ತದಲ್ಲ, ನಿಮ್ಮದರಲ್ಲಿ ಎಂತ ಕಷ್ಟ?’ ನ್ಯಾಯವಾದ ಪ್ರಶ್ನೆಯೇ. ಅಂಗಡಿಯ ಸಣ್ಣ ಥರ್ಮಲ್ ಪ್ರಿಂಟರ್‌ಗಳು ವೇಗವಾಗಿ ಅಚ್ಚು ಹಾಕುವುದು ತಮ್ಮೊಳಗೇ ಇರುವ ಅಕ್ಷರಗಳನ್ನು. ಆ ಅಕ್ಷರಗಳಲ್ಲಿ ಇಂಗ್ಲಿಷ್ ಇರುತ್ತದೆ, ಕನ್ನಡ ಸಾಮಾನ್ಯವಾಗಿ ಇರುವುದಿಲ್ಲ. ಅಕ್ಷರ ತುಂಬಿಸಿದರೂ ಒತ್ತಕ್ಷರ ಜೋಡಿಸುವ ಬುದ್ಧಿ ಅದಕ್ಕಿಲ್ಲ. ‘ಲಕ್ಷ್ಮೀ’ ಅಂತ ಬರೆಯಬೇಕಾದರೆ ಕಕಾರಕ್ಕೆ ಷಕಾರದ ಒತ್ತು, ಅದರ ಜೊತೆಗೆ ಮಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಎಲ್ಲ ಸರಿಯಾದ ಜಾಗದಲ್ಲಿ ಕೂರಬೇಕು. ಹಾಗಾಗಿ ನಮ್ಮ ಸಾಫ್ಟ್‌ವೇರ್ ಇಡೀ ಚೀಟಿಯನ್ನು ಒಂದು ಚಿತ್ರ ಮಾಡಿ ಕಳಿಸಬೇಕು. 58 ಮಿಲಿಮೀಟರ್ ಕಾಗದದಲ್ಲಿ ಅಚ್ಚಿಗೆ ಸಿಗುವುದು ಸುಮಾರು 48 ಮಿಲಿಮೀಟರ್, ಅಂದರೆ ಅಡ್ಡಕ್ಕೆ 384 ಚುಕ್ಕೆ. ಅಷ್ಟರಲ್ಲಿ ದರ್ಜೆಯ ಹೆಸರು, ತೂಕ, ದರ, ಮೊತ್ತ ನಾಲ್ಕೂ ಬರಬೇಕು. ಒತ್ತಕ್ಷರಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬೇಕು, ಕಾಗದ ಜಾಸ್ತಿ ಹೋಗುತ್ತದೆ, ಅಚ್ಚು ನಿಧಾನ ಆಗುತ್ತದೆ. ಇದರ ಮೇಲೆ ಹಳೆಯ ಲೆಕ್ಕದ್ದು ಬೇರೆಯೇ ರಗಳೆ. ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಹೆಸರುಗಳು ಇವತ್ತಿನ ಫಾಂಟಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳಾಗಿ ಬರುತ್ತವೆ. ಅವನ್ನೆಲ್ಲ ಪರಿವರ್ತನೆ ಮಾಡಿ, ಒಂದೊಂದು ಹೆಸರನ್ನೂ ಕಣ್ಣಿಂದ ನೋಡಬೇಕು.

ಇಷ್ಟನ್ನು ಮೂರು ವಾಕ್ಯದಲ್ಲಿ ಹೇಳಿ. ವ್ಯಾಪಾರಿಗಳಿಗೆ ಖಂಡಿತ ಅರ್ಥ ಆಗುತ್ತದೆ. ‘ಟೆಕ್ನಿಕಲ್ ಇಶ್ಯೂ ಉಂಟು’ ಅಂತ ಹೇಳಿ ಜಾರಿಕೊಳ್ಳಬೇಡಿ. ಒಂದು ಕ್ವಿಂಟಾಲ್ ಅಡಿಕೆಯನ್ನು ಕಣ್ಣಳತೆಯಲ್ಲೇ ದರ್ಜೆ ಮಾಡುವವರಿಗೆ 384 ಚುಕ್ಕೆಯ ಲೆಕ್ಕ ದೊಡ್ಡ ವಿಷಯ ಅಲ್ಲ. ಕಾರಣ ಗೊತ್ತಾದರೆ ಅವರು ಕಾಯುವ ರೀತಿಯೇ ಬೇರೆ.

ಈಗ ತಾರೀಕಿನ ವಿಷಯ. ತಾರೀಕು ಎಂದಾದರೂ ಹೇಳಲೇಬೇಕಲ್ವಾ? ಹೇಳಬೇಕು. ಆದರೆ ಆ ತಾರೀಕು ಯಾರ ಕೈಯಲ್ಲಿದೆ ಅನ್ನುವುದನ್ನೂ ಅದರ ಜೊತೆಗೇ ಹೇಳಬೇಕು. ಕಾಸರಗೋಡಿನವರಿಗೆ ಇದಕ್ಕೆ ಪುಸ್ತಕ ಓದಬೇಕಾಗಿಲ್ಲ. ನೆರೆ ಸೆಸ್ಸಿನ ಕಾಲ ನೆನಪು ಮಾಡಿಕೊಳ್ಳಿ.

2018ರ ಆಗಸ್ಟಿನ ನೆರೆಯ ನಂತರ ಪುನರ್ನಿರ್ಮಾಣಕ್ಕೆ ದುಡ್ಡು ಬೇಕು ಅಂತ ಕೇರಳ ಸರಕಾರ ಎರಡು ವರ್ಷದ ಮಟ್ಟಿಗೆ ಶೇಕಡಾ 1ರ ಸೆಸ್ ಹಾಕಲು ಹೊರಟಿತು. 2019ರ ಜೂನ್ 1ರಿಂದ ಅಂದರು. ಆಮೇಲೆ ಜುಲೈ 1 ಅಂದರು. ಕೊನೆಗೆ ಜಾರಿಗೆ ಬಂದದ್ದು ಆಗಸ್ಟ್ 1ಕ್ಕೆ. ಬಿಲ್ಲಿಂಗ್ ಸಾಫ್ಟ್‌ವೇರಿನವರಿಗೆ ಇದು ಸಣ್ಣ ಬದಲಾವಣೆ ಆಗಿರಲಿಲ್ಲ. ಶೇಕಡಾ 5ರ ಜಿಎಸ್‌ಟಿ ಇದ್ದ ವಸ್ತುಗಳಿಗೆ ಸೆಸ್ ಇರಲಿಲ್ಲ. ಅದಕ್ಕಿಂತ ಮೇಲಿನ ದರದವಕ್ಕೆ ಶೇಕಡಾ 1. ಚಿನ್ನ ಬೆಳ್ಳಿಗೆ ಶೇಕಡಾ 0.25. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ತನ್ನ ವ್ಯಾಪಾರಕ್ಕೆ ತೆಗೆದುಕೊಂಡರೆ ಸೆಸ್ ಇರಲಿಲ್ಲ, ಮನೆಗೆ ತೆಗೆದುಕೊಂಡು ಹೋಗುವ ಗಿರಾಕಿಗೆ ಇತ್ತು. ಕಂಪೊಸಿಶನ್‌ನಲ್ಲಿರುವ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಕ್ರಮ) ಅಂಗಡಿಗೆ ಇರಲಿಲ್ಲ. ಸೆಸ್ಸಿನ ಮೇಲೆ ಪುನಃ ಜಿಎಸ್‌ಟಿ ಲೆಕ್ಕ ಹಾಕುವ ಹಾಗೂ ಇರಲಿಲ್ಲ. ಅದಕ್ಕೆ ಬೇರೆಯೇ ಮಾಸಿಕ ರಿಟರ್ನ್ ಇತ್ತು. ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಇದು ಯಾವುದೂ ಇರಲಿಲ್ಲ. ಹಾಗಾಗಿ ಉಪ್ಪಳದ ಅಂಗಡಿಯವರು ಮಂಗಳೂರಿನ ಬಿಲ್ಲಿನ ಪಕ್ಕ ತಮ್ಮ ಬಿಲ್ಲು ಇಟ್ಟು, ‘ನಿಮ್ಮ ಅಪ್‌ಡೇಟ್ ಯಾವಾಗ?’ ಅಂತ ಕೇಳುತ್ತಿದ್ದದ್ದು ಸಹಜವೇ.

ಆಗ ‘ಜೂನ್ 1ಕ್ಕೆ ನಮ್ಮ ಅಪ್‌ಡೇಟ್ ರೆಡಿ, ಹಾಕಿಕೊಳ್ಳಿ’ ಅಂತ ಹೇಳಿ ಸೆಸ್ ಶುರು ಮಾಡಿಸಿದರೆ ಗಿರಾಕಿಯಿಂದ ಇಲ್ಲದ ಸೆಸ್ ವಸೂಲಿ ಮಾಡಿದ ಹಾಗೆ ಆಗುತ್ತದೆ. ‘ಸರಕಾರ ಮೊದಲು ಸರಿಯಾಗಿ ಹೇಳಲಿ’ ಅಂತ ಕೈಕಟ್ಟಿ ಕೂತರೆ ಆಗಸ್ಟ್ 1ರ ಬೆಳಿಗ್ಗೆ ಅಂಗಡಿಯವರು ಬಿಲ್ಲು ಹರಿಯಲಾಗದೆ ನಿಲ್ಲುತ್ತಾರೆ. ಹೇಳಬೇಕಾದ್ದು ಹೀಗೆ: ‘ಸೆಸ್ಸಿನ ಲೆಕ್ಕ ಸಾಫ್ಟ್‌ವೇರಿನಲ್ಲಿ ಬಂದಿದೆ, ಪರೀಕ್ಷೆ ಆಗಿದೆ. ಆದರೆ ಆಫ್ ಮಾಡಿ ಇಟ್ಟಿದ್ದೇವೆ. ಶುರುವಿನ ದಿನ ಸರಕಾರದ ಕೈಯಲ್ಲಿದೆ. ಅಧಿಸೂಚನೆ ಹೇಳಿದ ದಿನ ಆನ್ ಆಗುತ್ತದೆ. ನೀವು ಈಗ ಮಾಡಬೇಕಾದ್ದು ಒಂದೇ, ನಿಮ್ಮ ಐಟಂಗಳ ಜಿಎಸ್‌ಟಿ ದರ ಸರಿ ಉಂಟಾ ಅಂತ ನೋಡಿಕೊಳ್ಳುವುದು.’ ನಮ್ಮ ಕೈಯಲ್ಲಿರುವ ಅರ್ಧಕ್ಕೆ ನಾವು ಹೊಣೆ. ಉಳಿದರ್ಧ ಯಾರದ್ದು ಅಂತ ಹೆಸರು ಹಿಡಿದು ಹೇಳಬೇಕು.

ಇನ್ನೊಂದು ವಿಷಯ. ಆ ಸೆಸ್ 2021ರ ಜುಲೈ 31ಕ್ಕೆ ಮುಗಿಯಿತು. ಆಗಸ್ಟ್ 1ರಿಂದ ಬಿಲ್ಲಿನಲ್ಲಿ ಅದು ಬರಬಾರದು. ಹೊಸದು ಬರುವ ದಿನದ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಳೆಯದು ನಿಲ್ಲುವ ದಿನದ ಬಗ್ಗೆ ಹೇಳುವವರು ಕಡಿಮೆ. ಅಂಗಡಿಯವರಿಗೆ ಎರಡೂ ಅಷ್ಟೇ ಮುಖ್ಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಾಗಲೂ ಇದೇ ಕತೆ. ಕಂಪ್ಯೂಟರ್ ಬದಲಿಸಬೇಕಾ ಅನ್ನುವ ಪ್ರಶ್ನೆ ಗಿರಾಕಿಯಿಂದ ಬರುವವರೆಗೆ ಕಾಯಬಾರದು, ನಾವೇ ಮೊದಲು ಹೇಳಬೇಕು.

ಮೊನ್ನೆ ಮೊನ್ನೆಯ ಜಿಎಸ್‌ಟಿ ದರ ಬದಲಾವಣೆಯೂ ನಿಮಗೆಲ್ಲ ನೆನಪಿದೆ. 2025ರ ಸೆಪ್ಟೆಂಬರ್ 3ಕ್ಕೆ ಮಂಡಳಿ ತೀರ್ಮಾನ ಹೇಳಿತು, 22ಕ್ಕೆ ಜಾರಿ. ಶೇಕಡಾ 12 ಮತ್ತು 28ರ ಹಂತ ಹೋಯಿತು. ತಂಬಾಕು, ಪಾನ್ ಮಸಾಲದಂಥ ಕೆಲವನ್ನು ಆ ದಿನದ ಬದಲಾವಣೆಯಿಂದ ಹೊರಗಿಟ್ಟರು. ಸಾಬೂನು, ಟೂತ್‌ಪೇಸ್ಟ್ 18ರಿಂದ 5ಕ್ಕೆ ಇಳಿದವು. ನಡುವೆ ಮೂರು ವಾರವೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ‘ನಿಮ್ಮ ಅಪ್‌ಡೇಟ್ ಯಾವಾಗ?’ ಅಂತ ಕೇಳಿದವರಿಗೆ ‘22ರ ಒಳಗೆ’ ಅಂದರೆ ಸಾಲದು. 21ರ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಹಾಕಿಕೊಳ್ಳಬೇಕಾ, ಮೊದಲೇ ಹಾಕಿದರೆ ದರ ತಾನಾಗಿ ಬದಲಾಗುತ್ತದಾ, ಹಳೆ ಬಿಲ್ಲಿನ ಮಾಲು ವಾಪಸ್ ಬಂದರೆ ಯಾವ ದರ? ಅವರು ಕೇಳುವುದು ಒಂದು ಪ್ರಶ್ನೆ, ಅವರಿಗೆ ಬೇಕಾಗಿರುವುದು ಈ ಮೂರಕ್ಕೆ ಉತ್ತರ.

ಇನ್ನು, ಬರಲಿರುವುದರ ಬಗ್ಗೆ ಮೊದಲೇ ಜಾಸ್ತಿ ಹೇಳಿದರೆ ಏನಾಗುತ್ತದೆ? ಈ ಮಾತಿಗೆ ಕಂಪ್ಯೂಟರ್ ಕಂಪನಿ ಕಟ್ಟಿದ ಆಡಮ್ ಆಸ್ಬಾರ್ನ್ ಅವರ ಕತೆ ಹೇಳಲೇಬೇಕು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಇವರು ನಮ್ಮ ದಕ್ಷಿಣದ ನೆಲದಲ್ಲೇ ಬೆಳೆದವರು. ಬ್ರಿಟಿಷ್ ತಂದೆ, ಪೋಲಿಷ್ ತಾಯಿ. ಹುಟ್ಟಿದ್ದು 1939ರಲ್ಲಿ ಬ್ಯಾಂಕಾಕ್‌ನಲ್ಲಿ. ತಂದೆ ರಮಣ ಮಹರ್ಷಿಗಳ ಭಕ್ತರು, ಹಾಗಾಗಿ ಬಾಲ್ಯ ಕಳೆದದ್ದು ತಿರುವಣ್ಣಾಮಲೈಯಲ್ಲಿ. ತಮಿಳು ಚೆನ್ನಾಗಿ ಮಾತಾಡುತ್ತಿದ್ದರು. ಅಮೆರಿಕಕ್ಕೆ ಹೋಗಿ 1981ರಲ್ಲಿ ಎತ್ತಿಕೊಂಡು ಹೋಗಬಹುದಾದ ಕಂಪ್ಯೂಟರ್ ಒಂದನ್ನು ಮಾರುಕಟ್ಟೆಗೆ ತಂದರು, ಆಸ್ಬಾರ್ನ್ 1 ಅಂತ. ಸುಮಾರು 11 ಕಿಲೋ ಭಾರ, 1,795 ಡಾಲರ್ ಬೆಲೆ. ಬೇಕಾದ ಸಾಫ್ಟ್‌ವೇರ್ ಜೊತೆಯಲ್ಲೇ. ಚೆನ್ನಾಗಿ ಮಾರಾಟ ಆಯಿತು. 1983ರಲ್ಲಿ ಇದಕ್ಕಿಂತ ಒಳ್ಳೆಯ ಮುಂದಿನ ಮಾದರಿಗಳ ಸುದ್ದಿ ಹೊರಬಿತ್ತು. ಹೊಸದು ಬರುತ್ತದಲ್ಲ, ಕಾಯೋಣ ಅಂತ ಜನ ಹಳೆಯದನ್ನು ಕೊಳ್ಳುವುದು ಬಿಟ್ಟರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೊಂದೇ ಕಾರಣ ಅಲ್ಲ, ಬೇರೆ ಕಂಪನಿಗಳ ಪೈಪೋಟಿಯೂ ಜೋರಾಗಿತ್ತು ಅಂತ ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿದೆ. ಆದರೂ ಮುಂದಿನದರ ಸುದ್ದಿ ಹೇಳಿ ಇವತ್ತಿನದರ ವ್ಯಾಪಾರ ಹಾಳಾಗುವುದಕ್ಕೆ ಇವತ್ತಿಗೂ ಅವರ ಹೆಸರನ್ನೇ ಹೇಳುತ್ತಾರೆ. ಆಸ್ಬಾರ್ನ್ ತಮ್ಮ ಕೊನೆಗಾಲದಲ್ಲಿ ತಮಿಳುನಾಡಿಗೆ ಮರಳಿದರು, 2003ರಲ್ಲಿ ಕೊಡೈಕನಾಲ್‌ನಲ್ಲಿ ತೀರಿಕೊಂಡರು.

ಇದರಿಂದ ಹೆಚ್ಚಿನವರು ಕಲಿಯುವ ಪಾಠ, ‘ಏನೂ ಹೇಳಬೇಡಿ, ಮಾರಾಟ ಕೆಡುತ್ತದೆ’ ಅನ್ನುವುದು. ನಾನು ಒಪ್ಪುವುದಿಲ್ಲ. ಗಿರಾಕಿಯ ಕಡೆಯಿಂದ ನೋಡಿ. ಮುಂದಿನ ತಿಂಗಳು ಹೊಸ ಆವೃತ್ತಿ ಬರುವುದು ನಮಗೆ ಖಚಿತವಾಗಿ ಗೊತ್ತಿದೆ, ಅದಕ್ಕೆ ಪುನಃ ದುಡ್ಡು ಕೊಡಬೇಕಾಗುತ್ತದೆ, ಹೀಗಿದ್ದೂ ಇವತ್ತು ಹಳೆಯದನ್ನು ತಲೆಗೆ ಕಟ್ಟಿದರೆ ಅದು ಮೋಸ. ಆ ಊರಿನಲ್ಲಿ ಪುನಃ ಮುಖ ತೋರಿಸಬೇಕಲ್ಲ ನಾವು. ಇದಕ್ಕೆ ದಾರಿ ಸುಲಭ. ಇವತ್ತು ಕೊಂಡವರಿಗೆ ಹೊಸದು ಬಂದಾಗ ಅದೇ ದುಡ್ಡಿನಲ್ಲಿ ಸಿಗುತ್ತದೆ ಅಂತ ಕಂಪನಿಯಿಂದ ಬರೆಸಿಕೊಳ್ಳಿ. ಆಗ ನಿಜ ಹೇಳಿದರೂ ಮಾರಾಟ ಕೆಡುವುದಿಲ್ಲ.

ತಾರೀಕು ಹೇಳಿ ಮಾತು ತಪ್ಪಿದವರಲ್ಲಿ ಬಹಳ ದೊಡ್ಡವರಿದ್ದಾರೆ. ಮೈಕ್ರೋಸಾಫ್ಟ್‌ನ ವಿಂಡೋಸ್ ವಿಸ್ತಾ ವರ್ಷಗಟ್ಟಲೆ ತಡ ಆಯಿತು. ಕಡತಗಳನ್ನು ಇಡುವ ಹೊಸ ವಿಧಾನ ಒಂದನ್ನು ಅದರಲ್ಲಿ ಕೊಡುತ್ತೇವೆ ಅಂದಿದ್ದವರು 2004ರಲ್ಲಿ ಅದನ್ನು ಕೈಬಿಟ್ಟರು. ಸಾಮಾನ್ಯ ಗಿರಾಕಿಗಳಿಗೆ ವಿಸ್ತಾ ಸಿಕ್ಕಿದ್ದು 2007ರ ಜನವರಿಯಲ್ಲಿ. ಆಪಲ್‌ನವರು 2017ರ ಸೆಪ್ಟೆಂಬರ್‌ನಲ್ಲಿ ಏರ್‌ಪವರ್ ಅನ್ನುವ ಚಾರ್ಜಿಂಗ್ ಹಾಸು ತೋರಿಸಿ, ಮುಂದಿನ ವರ್ಷ ಕೊಡುತ್ತೇವೆ ಅಂದರು. 2019ರ ಮಾರ್ಚ್‌ನಲ್ಲಿ, ನಮ್ಮ ಗುಣಮಟ್ಟಕ್ಕೆ ಅದು ಬರಲಿಲ್ಲ ಅಂತ ಹೇಳಿ ಯೋಜನೆಯನ್ನೇ ನಿಲ್ಲಿಸಿದರು. ಅಷ್ಟು ಜನ, ಅಷ್ಟು ದುಡ್ಡು ಇರುವವರಿಗೇ ಹೀಗಾದರೆ ನಾಲ್ಕೈದು ಜನರ ತಂಡ ಇರುವ ನಮ್ಮಂಥವರು ‘ಹದಿನೈದನೇ ತಾರೀಕು ಬೆಳಿಗ್ಗೆ’ ಅಂತ ಹೇಳುವ ಮೊದಲು ಯೋಚನೆ ಮಾಡಬೇಕು.

ಇದನ್ನು ಚೆನ್ನಾಗಿ ನಿಭಾಯಿಸಿದವರು ಯಾರು ಅಂತ ಕೇಳಿದರೆ ನಾನು ಎರಡು ಹೆಸರು ಹೇಳುತ್ತೇನೆ. ಉಬುಂಟು ಮತ್ತು ಡೆಬಿಯನ್, ಎರಡೂ ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್‌ಗಳು. ಇಬ್ಬರೂ ಸ್ವತಂತ್ರ (ಯಾರು ಬೇಕಾದರೂ ಬಳಸಿ, ಬದಲಿಸಬಹುದಾದ) ಸಾಫ್ಟ್‌ವೇರಿನವರು. ಉಬುಂಟುವಿನವರು 2004ರಿಂದ ಆರು ತಿಂಗಳಿಗೊಂದು ಬಿಡುಗಡೆ ಮಾಡುತ್ತಾರೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ಆವೃತ್ತಿಯ ಹೆಸರೇ ವರ್ಷ ಮತ್ತು ತಿಂಗಳು. 24.04 ಅಂದರೆ 2024ರ ಏಪ್ರಿಲ್. ತಯಾರಾದದ್ದು ಬಸ್ಸು ಹತ್ತುತ್ತದೆ, ಆಗದ್ದು ಮುಂದಿನದಕ್ಕೆ ಕಾಯುತ್ತದೆ. ಒಮ್ಮೆ ಮಾತ್ರ, 2006ರಲ್ಲಿ, ಇನ್ನೂ ಕೆಲಸ ಬಾಕಿ ಇದೆ ಅಂತ ಏಪ್ರಿಲ್‌ನಿಂದ ಜೂನ್‌ಗೆ ಮುಂದೂಡಿದರು. ಆ ಆವೃತ್ತಿಯ ಹೆಸರನ್ನೂ ಮುಚ್ಚುಮರೆ ಇಲ್ಲದೆ 6.06 ಅಂತಲೇ ಇಟ್ಟರು. ಡೆಬಿಯನ್‌ನವರದು ಇದಕ್ಕೆ ತದ್ವಿರುದ್ಧ. ತಯಾರಾದಾಗ ಬಿಡುಗಡೆ ಅಂತಲೇ ಅವರು ಹೇಳುವುದು. ಗಂಭೀರ ದೋಷಗಳು ಮುಗಿಯುತ್ತಾ ಬಂದ ಮೇಲೆ ಮಾತ್ರ ದಿನ ಹೇಳುತ್ತಾರೆ. ಒಬ್ಬರು ದಿನಕ್ಕೆ ಗಟ್ಟಿ, ಇನ್ನೊಬ್ಬರು ಗುಣಕ್ಕೆ ಗಟ್ಟಿ. ಎರಡರಲ್ಲಿ ಒಂದಕ್ಕೆ ಮಾತ್ರ ಮಾತು ಕೊಡುತ್ತಾರೆ. ನಮ್ಮ ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ಕಂಪ್ಯೂಟರ್ ಕಲಿಯುವುದೂ ಉಬುಂಟು ಆಧರಿಸಿ ಕೇರಳ ಸರಕಾರದ ಕೈಟ್ ಸಂಸ್ಥೆ ಮಾಡಿದ ಕೈಟ್ ಗ್ನು/ಲಿನಕ್ಸ್‌ನಲ್ಲೇ. ಅಷ್ಟು ಶಾಲೆಗಳು ನಂಬಿ ನಡೆಯುವುದಕ್ಕೆ ಇಂಥ ನೇರ ಮಾತೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ದಿನ ಮತ್ತು ವೈಶಿಷ್ಟ್ಯ ಎರಡಕ್ಕೂ ಒಟ್ಟಿಗೆ ಮಾತು ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಂಗಳದಲ್ಲಿ ಅಡಿಕೆ ಹರಡಿದವರನ್ನು ಯಾವಾಗ ಒಣಗುತ್ತದೆ ಅಂತ ಕೇಳಿ. ‘ಒಂದೂವರೆ ತಿಂಗಳು ಬೇಕು, ಬಿಸಿಲು ಹೀಗೇ ಇದ್ರೆ’ ಅನ್ನುತ್ತಾರೆ. ಒಂದು ಅಂದಾಜು, ಜೊತೆಗೆ ಅದು ಯಾವುದರ ಮೇಲೆ ನಿಂತಿದೆ ಅನ್ನುವುದು. ನಮ್ಮ ಉತ್ತರವೂ ಹಾಗೇ ಇರಲಿ. ‘ಹೆಚ್ಚುಕಡಿಮೆ ಮಾರ್ಚ್ ಏಪ್ರಿಲ್ ಹೊತ್ತಿಗೆ, ಪ್ರಿಂಟರ್ ಪರೀಕ್ಷೆಯಲ್ಲಿ ತೊಂದರೆ ಬಾರದಿದ್ದರೆ.’

ಸೇಲ್ಸ್‌ನಲ್ಲಿರುವವರಿಗೆ ಒಂದು ಮಾತು. ತಿಂಗಳ ಕೊನೆಯ ಒತ್ತಡ ನನಗೆ ಗೊತ್ತಿದೆ. ‘ಅದೊಂದು ಇದ್ರೆ ಈಗಲೇ ಚೆಕ್ ಕೊಡ್ತೇನೆ’ ಅಂತ ಗಿರಾಕಿ ಹೇಳುವಾಗ ‘ಇದೆ’ ಅನ್ನುವುದಕ್ಕೂ ‘ಬರ್ತದೆ’ ಅನ್ನುವುದಕ್ಕೂ ನಡುವೆ ಅಂತರ ಕಾಣುವುದಿಲ್ಲ. ಆದರೆ ವಾಟ್ಸ್ಆ್ಯಪಿನಲ್ಲಿ ನೀವು ಬರೆದ ಒಂದು ಸಾಲು ಕರಾರಿನ ಭಾಗವೇ ಆಗಬಹುದು. ದೊಡ್ಡ ಕಂಪನಿಗಳಲ್ಲಿ ಲೆಕ್ಕ ಪರಿಶೋಧಕರು ಇದನ್ನು ಹುಡುಕಿ ನೋಡುತ್ತಾರೆ. 2018ರ ಏಪ್ರಿಲ್‌ನಿಂದ ಇಂಡ್ ಎಎಸ್ 115 ಅನ್ನುವ ಲೆಕ್ಕದ ನಿಯಮ ಇದೆ. ಇಂಥದ್ದೇ ಒಂದು ವೈಶಿಷ್ಟ್ಯವನ್ನು ಮುಂದೆ ಕೊಡುತ್ತೇವೆ ಅಂತ ಗಿರಾಕಿಗೆ ಭರವಸೆ ಕೊಟ್ಟಿದ್ದರೆ, ಅದು ಬೇರೆಯೇ ಒಂದು ಬಾಧ್ಯತೆ ಆಗಬಹುದು. ಆಗ ಬಂದ ದುಡ್ಡಿನ ಒಂದು ಪಾಲನ್ನು ಅದು ಕೊಡುವವರೆಗೆ ಆದಾಯ ಅಂತ ತೋರಿಸುವ ಹಾಗಿಲ್ಲ. ದೊಡ್ಡ ಕಂಪನಿಗಳ ಕಾರ್ಯಕ್ರಮಗಳಲ್ಲಿ ಮೊದಲ ಸ್ಲೈಡಿನಲ್ಲೇ, ‘ಇವತ್ತು ಲಭ್ಯ ಇರುವುದನ್ನು ನೋಡಿ ಮಾತ್ರ ಕೊಳ್ಳುವ ತೀರ್ಮಾನ ಮಾಡಿ’ ಅನ್ನುವ ಅರ್ಥದ ಸೂಚನೆ ಇರುವುದು ಸುಮ್ನೆ ಅಲ್ಲ. ನಾವು ಅಷ್ಟು ದೊಡ್ಡವರಲ್ಲ, ಆ ನಿಯಮ ನಮ್ಮ ಸಣ್ಣ ಕಂಪನಿಗಳಿಗೆ ಅನ್ವಯ ಆಗದೇ ಇರಬಹುದು. ಆದರೆ ಆ ಸೂಚನೆಯ ಮಾತು ಗಿರಾಕಿಗೆ ನೇರವಾಗಿ ಹೇಳಬೇಕಾದ ಮಾತೇ. ಇವತ್ತು ಇರುವುದು ನಿಮಗೆ ಸಾಕಾದರೆ ತೆಗೆದುಕೊಳ್ಳಿ. ಸಾಲದಿದ್ದರೆ ಕಾಯಿರಿ.

ನಮ್ಮಲ್ಲಿ ಇನ್ನೊಂದು ತೊಡಕು ಇದೆ, ಬೆಂಗಳೂರಿನವರಿಗೆ ಇದು ಇಷ್ಟಿಲ್ಲ. ಒಂದೇ ಪ್ರಶ್ನೆಗೆ ಕುಂಬಳೆಯಲ್ಲಿ ತುಳುವಿನಲ್ಲಿ ಉತ್ತರ ಕೊಡುತ್ತೇವೆ, ಕಾಸರಗೋಡು ಪೇಟೆಯಲ್ಲಿ ಮಲಯಾಳದಲ್ಲಿ, ನೀರ್ಚಾಲಿನಲ್ಲಿ ಕನ್ನಡದಲ್ಲಿ. ಒಬ್ಬೊಬ್ಬರು ತಮ್ಮ ಮಾತಿನಲ್ಲಿ ಹೇಳುವಾಗ ‘ಪ್ರಯತ್ನ ನಡೀತಾ ಉಂಟು’ ಅನ್ನುವುದು ಇನ್ನೊಂದು ಕಡೆ ‘ಆಯ್ತು’ ಅಂತ ಆಗಿರುತ್ತದೆ. ಅಂಗಡಿಯವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ, ಸಂಜೆಯೊಳಗೆ ಎರಡೂ ಉತ್ತರ ಎದುರು ಬದುರು ನಿಂತಿರುತ್ತವೆ. ಹಾಗಾಗಿ ಆಫೀಸಿನಲ್ಲಿ ಒಂದೇ ಹಾಳೆ ಇರಲಿ. ಗಿರಾಕಿಗಳು ಕೇಳುತ್ತಿರುವ ಪ್ರತಿ ವಿಷಯಕ್ಕೆ ಒಂದು ಸಾಲು. ಈಗ ಎಲ್ಲಿಗೆ ಬಂತು, ಏನು ಹೇಳಬಹುದು, ಏನು ಹೇಳಬಾರದು, ಈ ಸಾಲು ಬರೆದದ್ದು ಯಾವತ್ತು. ಕೊನೆಯದು ಬಹಳ ಮುಖ್ಯ. ಎರಡು ತಿಂಗಳ ಹಿಂದಿನ ಸಾಲನ್ನು ಓದಿ ಹೇಳಿದರೆ ಹಾಳೆ ಇಲ್ಲದ್ದಕ್ಕಿಂತ ಅದೇ ಅಪಾಯ.

ಇಲ್ಲ ಅನ್ನಬೇಕಾದಾಗ ಇಲ್ಲ ಅನ್ನಿ. ಮುಳ್ಳೇರಿಯದ ಕಡೆಯ ಮದುವೆ ಹಾಲ್‌ನವರು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೇ ಬುಕಿಂಗ್ ಕ್ಯಾಲೆಂಡರ್ ಬೇಕು ಅಂತ ಕೇಳುತ್ತಾರೆ ಅಂತಿಟ್ಟುಕೊಳ್ಳಿ. ನಮ್ಮ ತಂಡ ಅದನ್ನು ಮಾಡುವುದಿಲ್ಲ ಅಂತ ತೀರ್ಮಾನ ಆಗಿದ್ದರೆ, ‘ನಿಮ್ಮ ಬೇಡಿಕೆ ಪಟ್ಟಿಗೆ ಸೇರಿಸಿದ್ದೇವೆ’ ಅನ್ನಬೇಡಿ. ಆ ಪಟ್ಟಿಗೆ ಹೋದದ್ದು ಹೊರಗೆ ಬರುವುದಿಲ್ಲ ಅಂತ ನಮಗೂ ಗೊತ್ತು, ಸ್ವಲ್ಪ ಸಮಯದಲ್ಲಿ ಅವರಿಗೂ ಗೊತ್ತಾಗುತ್ತದೆ. ‘ಇದು ನಾವು ಮಾಡುವುದಿಲ್ಲ. ಬುಕಿಂಗ್‌ಗೆ ಫೋನಿನ ಕ್ಯಾಲೆಂಡರ್ ಸಾಕು, ಬಿಲ್ಲು ನಮ್ಮದರಲ್ಲಿ ಮಾಡಿ’ ಅಂದರೆ ಅವರು ಆ ದಿನವೇ ಬೇರೆ ದಾರಿ ಹುಡುಕುತ್ತಾರೆ.

ಮೊಬೈಲ್ ಆ್ಯಪ್ ಇರುವವರು ಒಂದು ಸಣ್ಣ ವಿಷಯ ನೆನಪಿಟ್ಟುಕೊಳ್ಳಿ. ‘ಪಕ್ಕದ ಅಂಗಡಿಗೆ ಬಂದಿದೆ, ನನಗೆ ಯಾಕೆ ಬರ್ಲಿಲ್ಲ?’ ಅಂತ ಫೋನ್ ಬರುತ್ತದೆ. ಹಂತ ಹಂತವಾಗಿ ಬಿಡುವ ಕ್ರಮ ಇದೆ. ಆಪಲ್‌ನಲ್ಲಿ ಹೀಗೆ ಬಿಟ್ಟರೆ ಮೊದಲ ದಿನ ಶೇಕಡಾ 1ರಷ್ಟು ಜನರಿಗೆ, ಏಳನೇ ದಿನಕ್ಕೆ ಎಲ್ಲರಿಗೂ ತಾನಾಗಿ ಹೋಗುತ್ತದೆ. ದೋಷ ಕಂಡರೆ ನಡುವೆ ನಿಲ್ಲಿಸಬಹುದು. ಇದನ್ನು ಹೇಳದಿದ್ದರೆ ತಮ್ಮನ್ನು ಕಡೆಗಣಿಸಿದರು ಅಂತಲೇ ಅವರು ತಿಳಿಯುವುದು.

ಹೇಳಿದ ದಿನ ತಪ್ಪುತ್ತದೆ ಅಂತ ಗೊತ್ತಾದ ಕೂಡಲೇ ಫೋನ್ ಮಾಡಿ. ತಪ್ಪಿದ ಮೇಲೆ ಅಲ್ಲ. ಗಿರಾಕಿ ನಮಗೆ ಮಾಡುವ ಮೊದಲು ನಾವು ಮಾಡಬೇಕು. ‘ಮಾರ್ಚ್ ಅಂದಿದ್ದೆವು, ಆಗುವುದಿಲ್ಲ. ಹಳೆ ಹೆಸರುಗಳ ಪರಿವರ್ತನೆಯಲ್ಲಿ ತಪ್ಪು ಸಿಕ್ಕಿದೆ. ಹೊಸ ದಿನ ಈಗ ಹೇಳುವುದಿಲ್ಲ, ಇಪ್ಪತ್ತನೇ ತಾರೀಕಿಗೆ ಪುನಃ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಹೇಳ್ತೇನೆ.’ ಇಪ್ಪತ್ತಕ್ಕೆ ಹೇಳುವಂಥದ್ದು ಏನೂ ಇಲ್ಲದಿದ್ದರೂ ಫೋನ್ ಮಾಡಿ. ಬಿಡುಗಡೆಯ ದಿನ ನಮ್ಮ ಕೈಯಲ್ಲಿ ಇಲ್ಲದಿರಬಹುದು, ಫೋನ್ ಮಾಡುವ ದಿನ ನಮ್ಮ ಕೈಯಲ್ಲೇ ಇದೆ.

ಕೊನೆಯಲ್ಲಿ ಸಭೆಯಿಂದ ಎರಡು ಪ್ರಶ್ನೆ ಬಂದವು. ಒಬ್ಬರು ಕೇಳಿದರು: ‘ಸರ್, ಬೇರೆ ಕಂಪನಿಯವರು ಮುಂದಿನ ತಿಂಗಳೇ ಕೊಡ್ತೇವೆ ಅಂತಾರೆ. ನಾವು ದಿನ ಹೇಳದಿದ್ರೆ ಗಿರಾಕಿ ಹೋಗ್ತಾರಲ್ಲ?’

ಕೆಲವರು ಹೋಗುತ್ತಾರೆ. ಅದನ್ನು ಇಲ್ಲ ಅನ್ನುವುದಿಲ್ಲ. ಹೋಗುವವರನ್ನು ತಡೆಯಲು ಸುಳ್ಳು ದಿನ ಹೇಳಬೇಡಿ. ಅದರ ಬದಲು ಅವರ ಪರವಾಗಿ ಯೋಚಿಸಿ. ಅಲ್ಲಿ ಏನು ಕೇಳಬೇಕು ಅಂತ ನೀವೇ ಗಿರಾಕಿಗೆ ಹೇಳಿಕೊಡಿ: ‘ನಿಮ್ಮದೇ ಲೆಕ್ಕ ಹಾಕಿ ತೋರಿಸಲು ಹೇಳಿ, ಅವರ ಡೆಮೋ ಲೆಕ್ಕ ಅಲ್ಲ. ಮುಂದಿನ ತಿಂಗಳು ಬಾರದಿದ್ದರೆ ದುಡ್ಡು ವಾಪಸ್ ಅಂತ ಬರೆದು ಕೊಡುತ್ತಾರಾ ಕೇಳಿ. ನಾಳೆ ಅಲ್ಲಿಂದಲೂ ಹೊರಡಬೇಕಾದರೆ ನಿಮ್ಮ ಲೆಕ್ಕ ಎಕ್ಸೆಲ್‌ನಲ್ಲಿ ಹೊರಗೆ ಬರುತ್ತದಾ ನೋಡಿ.’ ನಮ್ಮಲ್ಲಿಂದ ಹೋಗುವಾಗಲೂ ಅವರ ಲೆಕ್ಕವನ್ನು ಪೂರ್ತಿ ತೆಗೆದುಕೊಡಿ.

ಇನ್ನೊಬ್ಬರದು ಮೂಲದ ಪ್ರಶ್ನೆ. ‘ಕಂಪನಿಯವರೇ ನಮಗೆ ಏನೂ ಹೇಳದಿದ್ರೆ ಎಂತ ಮಾಡುವುದು?’

ಕೇಳಬೇಕು, ಬಿಡದೆ ಕೇಳಬೇಕು. ಆದರೆ ‘ಯಾವಾಗ ಬರ್ತದೆ’ ಅಂತ ಅಲ್ಲ. ಡೆವಲಪರ್‌ಗಳಿಗೆ ಆ ಪ್ರಶ್ನೆ ಕೇಳಿದರೆ ಅವರೂ ‘ಆಗ್ತದೆ’ ಅನ್ನುತ್ತಾರೆ. ಕೋಡ್ ಬರೆದು ಆಯಿತಾ, ಯಾರಾದರೂ ಪರೀಕ್ಷೆ ಮಾಡಿದರಾ, ಯಾವ ಪ್ರಿಂಟರ್‌ನಲ್ಲಿ ನೋಡಿದರು, ಇನ್ನು ಏನು ಬಾಕಿ ಅಂತ ಕೇಳಿ. ಸೋಮವಾರ ಬೆಳಿಗ್ಗೆ ಹತ್ತು ನಿಮಿಷ ಸಾಕು. ಹೋಗುವಾಗ ಕಳೆದ ವಾರ ಎಷ್ಟು ಗಿರಾಕಿಗಳು ಯಾವುದನ್ನು ಕೇಳಿದರು, ಅವರಲ್ಲಿ ಯಾರ ಯಾವ ತೀರ್ಮಾನ ಅದಕ್ಕೆ ಕಾಯುತ್ತಿದೆ ಅಂತ ಬರೆದುಕೊಂಡು ಹೋಗಿ. ಪೆರ್ಲದ ವ್ಯಾಪಾರಿ ಹೊಸ ಅಡಿಕೆ ಬರುವ ಮೊದಲು ಪ್ರಿಂಟರ್ ತೆಗೆದುಕೊಳ್ಳಬೇಕಾ ಅಂತ ಕೇಳಿದ್ದಾರೆ ಅಂತ ಹೇಳಿದರೆ, ಯಾವುದನ್ನು ಮೊದಲು ಮುಗಿಸಬೇಕು ಅನ್ನುವುದು ಅವರಿಗೂ ಗೊತ್ತಾಗುತ್ತದೆ.